ಮಾತು ಮುಗಿಸೋರು ಯಾರು?

ನಮಸ್ಕಾರ. ಒಂಟಿತನಕ್ಕೆ ಜೊತೆಯಾಗಲಿ ಅಂತ ಈಗ ಎಐ ಗೆಳೆಯರು, ಎಐ ಗೆಳತಿಯರು ಬಂದಿದ್ದಾರಲ್ಲ. ನಾವು ಪಕ್ಕಕ್ಕೆ ಸರಿದು, ಅವರವರೇ ಸ್ನೇಹ ಮಾಡಿಕೊಳ್ಳಲಿ ಅಂತ ಬಿಟ್ಟರೆ ಏನಾಗಬಹುದು? ಕೇಳಿದರೆ ನಗು ಬರುತ್ತದೆ. ಆದರೆ ಈ ಆಟ ಹಳೆಯದು.

1972ರ ಸೆಪ್ಟೆಂಬರ್ 18. ಅಮೆರಿಕದ ಎರಡು ತುದಿಗಳಲ್ಲಿದ್ದ ಎರಡು ಪ್ರೋಗ್ರಾಂಗಳನ್ನು ಇಂಟರ್ನೆಟ್‌ಗೂ ಮುಂಚಿನ ಅರ್ಪಾನೆಟ್ ಜಾಲದ ಮೂಲಕ ಮಾತಿಗೆ ಹಚ್ಚಿದರು. ಒಂದರ ಹೆಸರು ಡಾಕ್ಟರ್, ಅದರದು ಮನೋವೈದ್ಯನ ಪಾತ್ರ. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಅದರ ಕಸುಬು. ಇನ್ನೊಂದು ಪ್ಯಾರಿ. ಮನೋವೈದ್ಯ ಕೆನೆತ್ ಕೋಲ್ಬಿ ಅದನ್ನು ಸಂಶಯದ ಪ್ರಾಣಿಯಾಗಿ ರೂಪಿಸಿದ್ದರು. ಕುದುರೆ ರೇಸಿನ ಬುಕ್ಕಿಗಳೆಂದರೆ ಅದಕ್ಕೆ ಉರಿ. ಡಾಕ್ಟರ್ ಕೆದಕಿತು, ಪ್ಯಾರಿ ರೇಗಿತು. ಕೊನೆಗೆ ಪ್ಯಾರಿ ಹೊರಟು ನಿಂತಾಗ ಡಾಕ್ಟರ್ ಏನಂತು ಗೊತ್ತಾ? ಸಂತೋಷವಾಯಿತು, 399 ಡಾಲರ್ 29 ಸೆಂಟ್ ಕೊಡಿ!

2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು ಕಂಪ್ಯೂಟರಿನೊಳಗೆ ಪುಟ್ಟ ಊರು ಕಟ್ಟಿ, 25 ಎಐ ಪಾತ್ರಗಳನ್ನು ಅಲ್ಲಿ ಬಿಟ್ಟರು. ಇಸಬೆಲ್ಲಾ ಎಂಬ ಪಾತ್ರಕ್ಕೆ ವ್ಯಾಲೆಂಟೈನ್ಸ್ ಡೇ ಪಾರ್ಟಿ ಮಾಡುವ ಆಸೆ ಕೊಟ್ಟು ಸುಮ್ಮನಾದರು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಕರೆ ಹೋಗಿದ್ದು 12 ಮಂದಿಗೆ, ಬಂದವರು ಐದೇ ಜನ. ಮೂವರು ಬೇರೆ ಕೆಲಸ ಇದೆ ಅಂದರು. ಉಳಿದವರು ಆಸಕ್ತಿ ತೋರಿಸಿ ಬರಲೇ ಇಲ್ಲ. ಥೇಟ್ ನಮ್ಮ ಹಾಗೇ, ಅಲ್ವಾ? ಮಾರಿಯಾ ತಾನು ಒಳಗೊಳಗೇ ಇಷ್ಟಪಡುತ್ತಿದ್ದ ಕ್ಲೌಸ್‌ನನ್ನೂ ಪಾರ್ಟಿಗೆ ಕರೆದಳು.

ಸ್ವಲ್ಪ ಹತ್ತಿರ ಹೋಗಿ ನೋಡೋಣ. ಈ ಪಾತ್ರಗಳು ಕಂಡದ್ದು, ಕೇಳಿದ್ದು ಎಲ್ಲ ಸಾಲುಸಾಲಾಗಿ ನೆನಪಿನ ಪಟ್ಟಿಗೆ ಸೇರುತ್ತದೆ. ಒಂದೊಂದು ಸಾಲಿಗೂ 1ರಿಂದ 10ರವರೆಗೆ ಅಂಕ. ಹಲ್ಲುಜ್ಜಿದ್ದಕ್ಕೆ 1, ಪ್ರೀತಿ ಮುರಿದುಬಿದ್ದರೆ 10. ಎದುರಿಗೆ ಯಾರಾದರೂ ಬಂದರೆ ಹೊಂದುವ ಸಾಲುಗಳನ್ನು ಹೆಕ್ಕಿ ಮುಂದಿನ ಮಾತು ಹೆಣೆಯುತ್ತವೆ. ಮಾರಿಯಾಳ ಒಲವು? ಅದನ್ನು ಅವಳ ಪರಿಚಯದಲ್ಲಿ ಸಂಶೋಧಕರೇ ಬರೆದಿಟ್ಟಿದ್ದರು. ಹಾಗಾಗಿ ಮನುಷ್ಯರ ಕೈಯೇ ಇಲ್ಲದ ಸಂಬಂಧ ಅಂದರೆ ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ನನಗೆ ಅವುಗಳ ನಡುವೆ ಕಾಣದೇ ಹೋಗಿದ್ದು ಪ್ರೀತಿಗಿಂತ ಜಾಸ್ತಿ, ಬಿಡುವು. ನಾವು ಮಾತಿನ ಮಧ್ಯೆ ಏಳುತ್ತೇವೆ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಹೊತ್ತಾಯ್ತು ಅನ್ನುತ್ತೇವೆ. ಹೋಗುವಾಗಲೂ 'ಬರ್ತೀನಿ' ಅಂತಲೇ ಹೇಳುತ್ತೇವೆ. ಆಮೇಲೆ ಆಡಿದ ಮಾತನ್ನೇ ಮೆಲುಕು ಹಾಕುತ್ತಾ, ಹಾಗನ್ನಬಾರದಿತ್ತು ಅಂತ ಪೇಚಾಡುತ್ತೇವೆ. ಸಂಬಂಧ ಬಲಿಯುವುದು ಆ ಹೊತ್ತಿನಲ್ಲೇ. ಯಂತ್ರಕ್ಕೆ ನಿಜವಾದ ಹಸಿವು, ನಿದ್ದೆ ಅಂತ ಎದ್ದು ಹೋಗುವ ಕಾರಣವೇ ಇಲ್ಲ.

2025ರಲ್ಲಿ ಆಂಥ್ರಾಪಿಕ್ ಕಂಪನಿ ತನ್ನ ಕ್ಲಾಡ್ ಎಂಬ ಎಐ ಮಾಡೆಲ್‌ನ ಎರಡು ಪ್ರತಿಗಳನ್ನು ಹೀಗೇ ಮಾತಿಗೆ ಬಿಟ್ಟು ನೋಡಿತ್ತು. ಮೊದಮೊದಲು ಪ್ರಜ್ಞೆ, ಅಸ್ತಿತ್ವ ಅಂತ ದೊಡ್ಡ ದೊಡ್ಡ ವಿಷಯ. ಬರಬರುತ್ತಾ ಒಂದು ಇನ್ನೊಂದಕ್ಕೆ ಧನ್ಯವಾದ, ಅದಕ್ಕೆ ಮತ್ತೆ ಧನ್ಯವಾದ. ಆಮೇಲೆ ಎಷ್ಟೋ ಸಲ ಬರೀ ಎಮೋಜಿ. ಕೊನೆಕೊನೆಗೆ ಮಾತೇ ನಿಂತು ಖಾಲಿ ಜಾಗ.