ಮಗುವಿನ ಲೋಟ ತುಂಬುವವರು ಯಾರು?

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಮಗು ತಾನೇ ಅಂಗಡಿಗೆ ಹೋಗಿ ಜ್ಯೂಸ್ ತರುವುದಿಲ್ಲ. ತರುವವರು, ಲೋಟಕ್ಕೆ ಸುರಿಯುವವರು ನಾವು ದೊಡ್ಡವರು. ಅಪ್ಪ, ಅಮ್ಮ, ಅಜ್ಜಿ, ತಾತ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು. ಮಗು ತುಂಬಾ ಹಟ ಮಾಡುತ್ತದೆ ಎನ್ನುವ ಮೊದಲು ನಮ್ಮ ಕಡೆ ನೋಡಿಕೊಳ್ಳೋಣ.

ಸಿಹಿಯ ಇಷ್ಟ ಹುಟ್ಟಿನಿಂದಲೇ ಬರುತ್ತದೆ. ಆದರೆ ಬಾಯಾರಿದಾಗಲೂ ಸಿಹಿಯೇ ಬೇಕು ಎನ್ನುವುದು ರೂಢಿಯಿಂದ ಬರುವುದು. ಊಟಕ್ಕೆ ಕೂತ ಅಪ್ಪನ ಕೈಯಲ್ಲಿ ದಿನಾ ಕೋಲಾ ಇದ್ದರೆ, ಮಗುವಿಗೆ ಮಾತ್ರ "ನೀನು ನೀರು ಕುಡಿ" ಅಂದರೆ ಕೇಳುತ್ತದಾ?

330 ಮಿಲಿಲೀಟರ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಎರಡು ವರ್ಷ ತುಂಬಿದ ಮಕ್ಕಳಿಗೆ ದಿನವಿಡೀ ಸೇರಿ ಬೆರೆಸಿದ ಸಕ್ಕರೆ 25 ಗ್ರಾಂ ಮೀರಬಾರದು, ಎರಡರೊಳಗಿನವರಿಗೆ ಬೆರೆಸಿದ ಸಕ್ಕರೆ ಬೇಡವೇ ಬೇಡ ಎಂದು ಅಮೆರಿಕದ ಹೃದಯ ಸಂಘ 2016ರಲ್ಲಿ ಹೇಳಿತು. ಹಣ್ಣಿನ ರಸ ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ರಸ ಹಿಂಡಿದರೆ ನಾರಿನ ಬಹುಪಾಲು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಹಣ್ಣನ್ನೇ ಕೊಡಿ. ಒಂದು ವರ್ಷದೊಳಗಿನ ಮಗುವಿಗೆ ರಸವೂ ಬೇಡ ಎನ್ನುವುದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯ 2017ರ ಸಲಹೆ.

ಸಿಹಿ ಪಾನೀಯದ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದಂತೂ ದಯವಿಟ್ಟು ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಸಕ್ಕರೆ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಹಾಲುಹಲ್ಲು ಹುಳುಕಾದರೆ ಆ ಪುಟ್ಟ ಜೀವಕ್ಕೆ ನೋವು, ಊಟವೂ ಕಷ್ಟ.

ನನ್ನನ್ನು ಜಾಸ್ತಿ ಕಾಡುವುದು "ಊಟ ಮುಗಿಸು, ಜ್ಯೂಸ್ ಕೊಡ್ತೀನಿ" ಎನ್ನುವ ಮಾತು. ಬಹುಮಾನವಾಗಿ ಕೊಟ್ಟದ್ದರ ಮೇಲೆ ಮಕ್ಕಳಿಗೆ ಆಸೆ ಇನ್ನೂ ಹೆಚ್ಚುತ್ತದೆ, ಊಟ ಮಾತ್ರ ಶಿಕ್ಷೆಯಂತೆ ಕಾಣತೊಡಗುತ್ತದೆ. ಕಣ್ಣಿಗೆ ಕಾಣುವಂತೆ ಇಟ್ಟು, ಮುಟ್ಟಬೇಡ ಎಂದು ಗದರಿದರೂ ಆಸೆ ಬೆಳೆಯುತ್ತದೆ. ಅದಕ್ಕೇ ಸಿಹಿ ಪಾನೀಯ ಮನೆಗೆ ಬಾರದಿರುವುದು ಎಲ್ಲಕ್ಕಿಂತ ಸುಲಭದ ದಾರಿ. ಇಲ್ಲದ್ದಕ್ಕೆ ದಿನಾ ಜಗಳವಾಡಬೇಕಿಲ್ಲ.

ಇನ್ನು ಮನೆಮಂದಿಯ ಒಪ್ಪಂದ. ಅಮ್ಮ ಬೇಡವೆಂದದ್ದನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ, ಯಾರನ್ನು ಕೇಳಬೇಕೆಂದು ಮಗು ಬೇಗ ಕಲಿತುಬಿಡುತ್ತದೆ. ಅಜ್ಜಿಯದು ತಪ್ಪು ಎಂದು ನಾನು ಹೇಳಲಾರೆ, ಅದು ಪ್ರೀತಿ. ಸುಮ್ನೆ ಬೈದರೆ ಅವರ ಮನಸ್ಸು ನೋಯುತ್ತದೆ. ಮಗು ಮಲಗಿದ ಮೇಲೆ ಕೂತು ಮಾತಾಡಿ. "ಅಮ್ಮಾ, ಹಲ್ಲು ಹಾಳಾಗ್ತಿದೆ, ನೀವೇ ಹಣ್ಣು ಹೆಚ್ಚಿ ತಿನ್ನಿಸಿ" ಎಂದರೆ ಪ್ರೀತಿಗೂ ಜಾಗ ಉಳಿಯುತ್ತದೆ.

ಈಗಾಗಲೇ ರೂಢಿಯಾಗಿದ್ದರೆ ಮೊದಲು ಪ್ರಮಾಣ ತಗ್ಗಿಸಿ, ಆಮೇಲೆ ಊಟದ ಹೊತ್ತಿಗೆ ನೀರನ್ನಷ್ಟೇ ಇಡಿ. ಕೆಲವು ದಿನ ಅಳಬಹುದು. ಆಗ ಎತ್ತಿಕೊಳ್ಳಿ, ಆಡಿಸಿ, ನೀವೂ ಜೊತೆಗೆ ಕೂತು ನೀರು ಕುಡಿಯಿರಿ.

ನಮಸ್ಕಾರ.