ಹಾಡೋಕೆ ಪರ್ಮಿಶನ್ ಬೇಡ, ಜೆರಾಕ್ಸ್‌ಗೆ ಬೇಕು: ಚರ್ಚ್ ಕ್ವಯರ್‌ನವರು ನೋಡ್ಲೇಬೇಕಾದ ವಿಡಿಯೋ

ಎಲ್ರಿಗೂ ನಮಸ್ಕಾರ. ಡಿಸೆಂಬರ್ ಹತ್ರ ಬಂತು ಅಂದ್ರೆ ಕ್ವಯರ್‌ಗಳಲ್ಲಿ ಏನಾಗುತ್ತೆ ಗೊತ್ತಲ್ಲ, ಯಾರೋ ಒಬ್ರು ಹೊಸ ಸ್ಕೋರ್ ಪುಸ್ತಕ, ಅಂದ್ರೆ ಹಾಡಿನ ನೋಟೇಶನ್ ಇರೋ ಪುಸ್ತಕ, ತರ್ತಾರೆ, ಸೊಪ್ರಾನೊ ಆಲ್ಟೊ ಟೆನರ್ ಬೇಸ್ ಅಂತ ನಾಲ್ಕೂ ದನಿಯೋರು ಸೇರಿ ಮೂವತ್ತು ಜನ, ಪುಸ್ತಕ ಒಂದೇ, ಸೀದಾ ಜೆರಾಕ್ಸ್ ಅಂಗಡಿಗೆ. ನಾನೂ ವರ್ಷಗಟ್ಲೆ ಹಂಗೇ ಮಾಡಿದೀನಿ, ದೇವರ ಕೆಲ್ಸ ತಾನೆ, ದುಡ್ಡೇನೂ ಮಾಡ್ತಿಲ್ವಲ್ಲ ಅಂದ್ಕೊಂಡು. ಅದು ತಪ್ಪು.

[ಸ್ಕ್ರೀನ್ ಮೇಲೆ: ಕಾಪಿರೈಟ್ ಕಾಯ್ದೆ 1957, ಸೆಕ್ಷನ್ 52]

ನಮ್ಮ ಕಾನೂನಲ್ಲಿ ನಿಜವಾದ ಧಾರ್ಮಿಕ ಕಾರ್ಯಕ್ರಮದಲ್ಲಿ ಹಾಡೋದಕ್ಕೆ, ನುಡಿಸೋದಕ್ಕೆ ವಿನಾಯಿತಿ ಇದೆ, ಮದುವೆ ಮೆರವಣಿಗೆನೂ ಅದ್ರಲ್ಲೇ ಬರುತ್ತೆ. ಆದ್ರೆ ಆ ವಿನಾಯಿತಿ ಹಾಡೋದಕ್ಕೆ ಮಾತ್ರ, ನೋಟೇಶನ್ ಕಾಪಿ ಮಾಡಿ ಹಂಚೋದಕ್ಕಲ್ಲ. ಅಮೆರಿಕದಲ್ಲೂ ಇದೇ ಕಥೆ, ಆರಾಧನೆಲಿ ಹಾಡಬಹುದು, ಕಾಪಿ ಮಾಡೋ ಹಾಗಿಲ್ಲ.

ಅಲ್ಲಿ ಇದು ದೊಡ್ಡ ಕೇಸೇ ಆಯ್ತು. 1960ರ ದಶಕದಲ್ಲಿ ಕ್ಯಾಥೊಲಿಕ್ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತಲ್ಲ, ಆಗ ಇಂಗ್ಲಿಷ್ ಹಾಡುಗಳಿಗೆ ಎಲ್ಲಿಲ್ಲದ ಬೇಡಿಕೆ, ಚರ್ಚ್‌ಗಳು ತಾವೇ ಕಾಪಿ ಹೊಡೆದು ಹಾಡಿನ ಪುಸ್ತಕ ಮಾಡ್ಕೊಂಡ್ವು. ಎಫ್‌ಇಎಲ್ ಅನ್ನೋ ಪ್ರಕಾಶನದವರು ಶಿಕಾಗೋ ಧರ್ಮಪ್ರಾಂತ್ಯದ ಮೇಲೆ ಕೋರ್ಟಿಗೆ ಹೋದ್ರು, 1984ರಲ್ಲಿ ಜ್ಯೂರಿ 30 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಿ ಅಂತು. ಅಪೀಲಲ್ಲಿ ಅದ್ರ ದೊಡ್ಡ ಪಾಲು ನಿಲ್ಲಲಿಲ್ಲ, ಆದ್ರೆ ಅಷ್ಟೊತ್ತಿಗೆ ಚರ್ಚ್‌ಗಳು ನಡುಗಿಹೋಗಿದ್ವು.

1988ರಲ್ಲಿ ಸಿಸಿಎಲ್‌ಐ ಶುರುವಾಯ್ತು, ಇದು ಚರ್ಚ್‌ಗಳಿಗೆ ಹಾಡು ಬಳಸೋಕೆ ಲೈಸೆನ್ಸ್ ಕೊಡೋ ಸಂಸ್ಥೆ. ಸಭೆ, ಅಂದ್ರೆ ಆರಾಧನೆಗೆ ಬರೋ ಜನ, ಎಷ್ಟು ದೊಡ್ಡದು ಅನ್ನೋದ್ರ ಮೇಲೆ ವರ್ಷದ ಫೀಸು, ಚರ್ಚ್‌ನವರು ಯಾವ ಹಾಡು ಬಳಸಿದ್ವಿ ಅಂತ ರಿಪೋರ್ಟ್ ಕೊಡ್ತಾರೆ, ಹಾಡು ಬರೆದೋರಿಗೆ ರಾಯಲ್ಟಿ ಹೋಗುತ್ತೆ. ನನಗಂತೂ ಇದು ತುಂಬಾ ನ್ಯಾಯ ಅನ್ಸುತ್ತೆ, ಹಾಡು ಬರೆಯೋರಿಗೂ ಮನೆ ಇದೆ, ಬಾಡಿಗೆ ಇದೆ. ಆದ್ರೆ ಒಂದು ನೆನಪಿಡಿ, ಅವ್ರ ಮಾಮೂಲಿ ಲೈಸೆನ್ಸ್ ಸಭೆಯೋರೆಲ್ಲ ಹಾಡೋ ಹಾಡಿನ ಸಾಹಿತ್ಯ ಸ್ಕ್ರೀನ್ ಮೇಲೆ ಹಾಕೋಕೆ, ಪ್ರಿಂಟ್ ಮಾಡೋಕೆ. ಕ್ವಯರ್‌ಗೆ ಅಂತಾನೇ ಮಾರೋ ನಾಲ್ಕು ಪಾರ್ಟ್ ಸ್ಕೋರ್ ಅದ್ರಲ್ಲಿ ಬರಲ್ಲ, ತಲೆಗೊಂದು ಕಾಪಿ ಕೊಂಡ್ಕೋಬೇಕು. ಲೈವ್ ಸ್ಟ್ರೀಮ್‌ಗೆ ಬೇರೆ ಲೈಸೆನ್ಸು.

ಹಾಗಾದ್ರೆ ಫ್ರೀ ಯಾವ್ದು? ನಮ್ಮಲ್ಲಿ ಬರೆದೋರು ತೀರ್ಕೊಂಡು 60 ವರ್ಷ ದಾಟಿದ್ರೆ ಹಕ್ಕು ಮುಗೀತು. ಮಂಗಳೂರಿನ ಬಾಸೆಲ್ ಮಿಷನ್‌ನವರು ಹತ್ತೊಂಬತ್ತನೇ ಶತಮಾನದಲ್ಲಿ ಅಚ್ಚು ಹಾಕಿದ ಕನ್ನಡ ಗೀತೆಗಳನ್ನ ಎಷ್ಟು ಬೇಕಾದ್ರೂ ಕಾಪಿ ಮಾಡಿ. ಆದ್ರೆ ಅದೇ ಹಳೇ ಹಾಡಿಗೆ ಈಗ ಇರೋರು ಯಾರಾದ್ರೂ ಹೊಸ ಹಾರ್ಮನಿ, ಅಂದ್ರೆ ಜೊತೆಗೆ ಹಾಡೋ ಬೇರೆ ದನಿಗಳ ಸ್ವರ, ಕೂರಿಸಿದ್ರೆ ಆ ಅರೇಂಜ್‌ಮೆಂಟ್ ಅವ್ರದ್ದು.

ಇನ್ನೊಂದು, ನಮ್ಮ ಕನ್ನಡ ಸಭೆಗಳಲ್ಲಿ ದಿನಾ ನಡೆಯೋದು: ಹೊಸ ಇಂಗ್ಲಿಷ್ ಹಾಡನ್ನ ಕನ್ನಡ ಮಾಡೋದು. ಅನುವಾದದ ಹಕ್ಕೂ ಬರೆದೋರದ್ದೇ, ನೀವು ಎಷ್ಟೇ ಚೆನ್ನಾಗಿ ಪ್ರಾಸ ಹೊಂದಿಸಿದ್ರೂ ಕೇಳ್ಲೇಬೇಕು. ಸ್ಕೋರ್‌ನ ಮೊದಲನೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಹಕ್ಕು ಯಾರದ್ದು ಅಂತ ಇರುತ್ತೆ, ಅವ್ರಿಗೆ ಒಂದು ಮೇಲ್ ಹಾಕಿ. ಯಾವ ಹಾಡು, ಎಷ್ಟು ಕಾಪಿ, ಯಾವ ಭಾಷೆ, ಯಾವ ತಾರೀಖಿನ ಆರಾಧನೆ, ಇಷ್ಟು ಬರೀರಿ, ಉತ್ತರ ಬರೋಕೆ ಟೈಮ್ ಬೇಕಾಗುತ್ತೆ, ಅದಕ್ಕೆ ಕ್ರಿಸ್ಮಸ್‌ದು ಅಂದ್ರೆ ಸೆಪ್ಟೆಂಬರಲ್ಲೇ ಕೇಳಿ.