ನಾಲ್ಕು ಗಾಲಿ ಬೈಕು, ಮೂರು ಕೊಟೇಶನ್ನು

ಕೇಳುಗರಿಗೆ ನಮಸ್ಕಾರ.

ತೋಟ ಇರುವವರಿಗೆ ಜೂನ್ ತಿಂಗಳು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ನನ್ನದು ಸಕಲೇಶಪುರದ ಕಡೆ ಹದಿನಾಲ್ಕು ಎಕರೆ ಕಾಫಿ, ನಡುವೆ ಮೆಣಸು. ಮನೆ ಹತ್ತಿರ ಆರು ಎಕರೆ, ಹಳ್ಳ ದಾಟಿದರೆ ಗುಡ್ಡದ ಮೇಲೆ ಎಂಟು. ಆ ಗುಡ್ಡಕ್ಕೆ ಗೊಬ್ಬರ ಹೋಗುವುದು ತಲೆಯ ಮೇಲೆ. ಹೊರುವವರು ಈಗ ಸಿಗುವುದಿಲ್ಲ. ಸಿಕ್ಕವರಿಗೆ ವಯಸ್ಸಾಗಿದೆ. ನಮ್ಮ ಮೇಸ್ತ್ರಿಗೆ ಮಂಡಿನೋವು, ನನಗೆ ಸೊಂಟನೋವು. ಹಳೇ ಜೀಪು ಮಳೆಗಾಲದಲ್ಲಿ ಆ ಏರು ಹತ್ತುವುದಿಲ್ಲ. ಹತ್ತಿದರೂ ಗಿಡಗಳ ನಡುವೆ ನುಗ್ಗುವಷ್ಟು ಜಾಗ ಇಲ್ಲ.

ಹೀಗಿದ್ದಾಗ ಅಕ್ಕನ ಮಗ ಬೆಂಗಳೂರಿನಿಂದ ಬಂದವನು, "ಮಾವ, ಒಂದು ಎಟಿವಿ ತಗೊಳ್ಳಿ, ಸುಮ್ನೆ ಯಾಕೆ ಕಷ್ಟಪಡ್ತೀರಿ" ಅಂದ. ಎಟಿವಿ ಅಂದರೆ ಆ ನಾಲ್ಕು ಗಾಲಿ ಬೈಕು. ನೀವೂ ಯಾವುದೋ ರೆಸಾರ್ಟಿನಲ್ಲಿ ನೋಡಿರುತ್ತೀರಿ. ದಪ್ಪ ಟೈರು, ಬೈಕಿನ ಹ್ಯಾಂಡಲ್, ಕುದುರೆ ಮೇಲೆ ಕೂತ ಹಾಗೆ ಕೂರುವ ಸೀಟು. ರೆಸಾರ್ಟಿನ ಪುಟ್ಟ ಗಾಡಿ ಆಟಕ್ಕೆ. ನಾನು ಇವತ್ತು ಹೇಳುತ್ತಿರುವುದು ದುಡಿಯುವ ಗಾಡಿಯ ಬಗ್ಗೆ. ಇದರಲ್ಲಿ ಹಿಂದೆ ಮುಂದೆ ಕಬ್ಬಿಣದ ಕ್ಯಾರಿಯರ್ ಇರುತ್ತದೆ, ಟ್ರೇಲರ್ ಕಟ್ಟಲು ಹಿಂದೆ ಕೊಂಡಿ ಇರುತ್ತದೆ, ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗುತ್ತದೆ.

ಆಸೆ ಹುಟ್ಟಿತು. ನಾಲ್ಕು ತಿಂಗಳು ವಿಚಾರಿಸಿದೆ. ಆ ನಾಲ್ಕು ತಿಂಗಳಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಅಂಗಡಿಗೆ ಹೋದರೆ ಮೊದಲು ಸಿಸಿ ಹೇಳುತ್ತಾರೆ. 400 ಸಿಸಿ, 570 ಸಿಸಿ, ಇನ್ನೂ ದೊಡ್ಡದು. ಅದನ್ನು ಆಮೇಲೆ ಕೇಳಿ. ಮೊದಲು ಕ್ಯಾರಿಯರ್ ಎಷ್ಟು ಹೊರುತ್ತದೆ ಅಂತ ನೋಡಿ. ಈ ಗಾತ್ರದ ಗಾಡಿಗಳಲ್ಲಿ ಮುಂದಿನ ಕ್ಯಾರಿಯರ್ ಮೇಲೆ 30ರಿಂದ 40 ಕೆಜಿ, ಹಿಂದಿನದರ ಮೇಲೆ 60ರಿಂದ 80 ಕೆಜಿ. ಅಷ್ಟೇ. ಯೂರಿಯಾ ಚೀಲ 45 ಕೆಜಿ, ಡಿಎಪಿ ಚೀಲ 50. ಮುಂದೆ ಒಂದು ಚೀಲವನ್ನೂ ಇಡುವ ಹಾಗಿಲ್ಲ. ಹಿಂದೆ ಒಂದು ಇಡಬಹುದು. ಲಕ್ಷಗಟ್ಟಲೆ ಸುರಿದು ತಂದ ಗಾಡಿ ಒಂದು ಚೀಲ ಹೊರುತ್ತದೆ. ನಮ್ಮ ಮೇಸ್ತ್ರಿನೂ ಒಂದೇ ಹೊರುತ್ತಿದ್ದ!

ಹಾಗಾಗಿ ಎಟಿವಿ ಅಂದರೆ ಟ್ರೇಲರ್ ಸೇರಿಸಿಯೇ ಲೆಕ್ಕ. ಹೋಂಡಾ ಕಂಪನಿಯ ರಾಂಚರ್ ಅನ್ನುವ ಎಟಿವಿ ಸುಮಾರು 385 ಕೆಜಿ ಎಳೆಯುತ್ತದೆ, ಪೋಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570 ಅರ್ಧ ಟನ್ನಿಗಿಂತ ಸ್ವಲ್ಪ ಜಾಸ್ತಿ. ಇದರಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿದೆ. ಅದೂ ಸಮತಟ್ಟು ನೆಲದ ಮಾತು. ನಮ್ಮ ಗುಡ್ಡ ಸಮತಟ್ಟಾಗಿದ್ದರೆ ಗದ್ದೆ ಮಾಡುತ್ತಿದ್ದೆವು, ಅಲ್ವಾ? ಏರಿನಲ್ಲಿ ಕಂಪನಿಯ ಹಾಳೆಯಲ್ಲಿ ಬರೆದದ್ದರ ಅರ್ಧ ಮಾತ್ರ ನಾನು ನಂಬುತ್ತೇನೆ.

ಇನ್ನೊಂದು ಮಾತು. ನಿಮ್ಮ ತೋಟದ ಸಾಲುಗಳ ನಡುವೆ ಸಣ್ಣ ಟ್ರಾಕ್ಟರ್ ಹೋಗುತ್ತದೆ ಅಂತಾದರೆ ಈ ಭಾಷಣ ಇಲ್ಲಿಗೇ ನಿಲ್ಲಿಸಿ, ಅದನ್ನೇ ತಗೊಳ್ಳಿ. ಹದಿನೈದರಿಂದ ಇಪ್ಪತ್ತನಾಲ್ಕು ಎಚ್‌ಪಿಯ ಪುಟ್ಟ ಟ್ರಾಕ್ಟರ್ ಡೀಸೆಲ್ ಕುಡಿಯುತ್ತದೆ, ಔಷಧಿ ಹೊಡೆಯುವ ಪಂಪನ್ನೂ ಓಡಿಸುತ್ತದೆ. ತಾಲ್ಲೂಕಿಗೊಬ್ಬ ಮೆಕ್ಯಾನಿಕ್ ಸಿಗುತ್ತಾನೆ. ಸಹಾಯಧನವೂ ಉಂಟು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಎಟಿವಿ ಬೇಕಾಗುವುದು ಅದೂ ಹೋಗದ ಕಡೆಗೆ.

ನನ್ನದು ಅಂಥ ಜಾಗ. ಆದರೆ ಅಲ್ಲೂ ಒಂದು ತಮಾಷೆ ಆಯಿತು. ಗಾಡಿ ನೋಡಿ, ಬೆಲೆ ಕೇಳಿ, ಬ್ಯಾಂಕಿಗೂ ಹೋಗಿ ಬಂದ ಮೇಲೆ ನೆನಪಾಯಿತು, ಹಳ್ಳಕ್ಕೆ ಇರುವುದು ಕಾಲುಸಂಕ. ಗಾಡಿಯ ಅಗಲ ಸುಮಾರು 4 ಅಡಿ. ಸಂಕದ ಅಗಲ ಎರಡೂವರೆ. ಕೊನೆಗೆ ಪೈಪು ಹಾಕಿ ಮೋರಿ ಕಟ್ಟಿಸಿದೆ. ಆ ಖರ್ಚು ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ. ನೀವು ಮೊದಲು ಟೇಪು ಹಿಡಿದು ಗೇಟು, ಸಂಕ, ಸಾಲು ಎಲ್ಲ ಅಳೆದುಕೊಳ್ಳಿ.

ಈ ಗಾಡಿ ಹುಟ್ಟಿದ ಕಥೆಯೂ ಅಂಗಡಿಯದೇ. ಅಮೆರಿಕದಲ್ಲಿ ಹಿಮ ಬೀಳುವ ಚಳಿಗಾಲದಲ್ಲಿ ಬೈಕು ಯಾರೂ ಕೊಳ್ಳುತ್ತಿರಲಿಲ್ಲ. ಆಗಲೂ ಮಾರಲು ಏನಾದರೂ ಕೊಡಿ ಅಂತ ಡೀಲರುಗಳು ಹೋಂಡಾ ಕಂಪನಿಯನ್ನು ಕೇಳಿದರು. 1970ರಲ್ಲಿ ಮೂರು ಗಾಲಿಯ ಗಾಡಿ ಬಂತು. ಅದು ಮಗುಚುತ್ತಿತ್ತು. 1980ರ ದಶಕದ ಮೊದಲಲ್ಲಿ ಸುಜುಕಿ ನಾಲ್ಕು ಗಾಲಿಯದನ್ನು ತಂದಿತು. 1988ರಲ್ಲಿ ಅಮೆರಿಕದಲ್ಲಿ ಮೂರು ಗಾಲಿಯದರ ಮಾರಾಟವೇ ನಿಂತಿತು.

ಈಗ ಒಳಗಿನ ವಿಷಯಕ್ಕೆ ಬರೋಣ. ಬಹುಪಾಲು ಎಟಿವಿಗಳಲ್ಲಿ ಎಂಜಿನ್ನಿನ ಬಲ ಗಾಲಿಗೆ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ. ನಮ್ಮ ಸ್ಕೂಟರಿನೊಳಗೆ ಇರುತ್ತದಲ್ಲ, ಆ ಬೆಲ್ಟಿನ ಅಣ್ಣ. ಓಡಿಸಲು ಸುಲಭ, ಕ್ಲಚ್ಚಿಲ್ಲ. ಆದರೆ ಭಾರ ಕಟ್ಟಿಕೊಂಡು ಏರು ಹತ್ತುವಾಗ ಲೋ ಗೇರಿಗೆ ಹಾಕದೆ ಹೈನಲ್ಲೇ ಎಳೆದರೆ ಬೆಲ್ಟು ಸುಡುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂತೆಂದರೆ ಆಗಲೇ ತಡವಾಗಿದೆ. ಬೆಲ್ಟಿನ ಡಬ್ಬಿಯೊಳಗೆ ನೀರು ಹೋದರಂತೂ ಎಂಜಿನ್ ಕೂಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಹಳ್ಳ ದಾಟುವವರು ಇದನ್ನು ನೆನಪಿಡಿ.

ಬೆಲ್ಟೇ ಬೇಡ ಅನ್ನುವವರಿಗೆ ಹೋಂಡಾದವರ ಎಟಿವಿಗಳು ಗೇರಿನವು. ಹೊರದೇಶಗಳ ರೈತರು ಅವುಗಳ ಬಾಳಿಕೆಯನ್ನು ಹೊಗಳುತ್ತಾರೆ. ಆದರೆ ನಮ್ಮಲ್ಲಿ ಹೋಂಡಾ ಸ್ಕೂಟರ್ ಮಾರುತ್ತದೆ, ಎಟಿವಿ ಮಾರುವುದಿಲ್ಲ. ಯಾರೋ ತರಿಸಿಕೊಂಡದ್ದು ಕೈಗೆ ಸಿಕ್ಕರೂ ಒಂದು ಆಯಿಲ್ ಸೀಲಿಗೆ ನೀವು ಎಲ್ಲಿಗೆ ಹೋಗುತ್ತೀರಿ? ಎಷ್ಟೇ ಗಟ್ಟಿ ಗಾಡಿಯಾಗಲಿ, ಬಿಡಿಭಾಗ ಸಿಗದಿದ್ದರೆ ಕೊಟ್ಟಿಗೆಯಲ್ಲಿ ಕೋಳಿ ಮಲಗುವುದಕ್ಕೆ ಆಗುತ್ತದೆ.

ಎರಡನೆಯದು ರಬ್ಬರ್ ಬೂಟು. ಗಾಲಿಗೆ ಹೋಗುವ ಆಕ್ಸಲ್‌ನ ತುದಿಯಲ್ಲಿ ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆಯಾಗಿ ಒಂದು ರಬ್ಬರ್ ಚೀಲ ಇರುತ್ತದೆ. ಒಳಗೆ ಗ್ರೀಸು. ಮರಗಸಿ ಮಾಡಿದ ಮೇಲೆ, ಅಂದರೆ ನೆರಳಿನ ಮರದ ಕೊಂಬೆ ಕಡಿದ ಮೇಲೆ, ತೋಟದ ತುಂಬ ಚೂಪು ಕಡ್ಡಿ ಬಿದ್ದಿರುತ್ತದಲ್ಲ, ಅದರಲ್ಲಿ ಒಂದು ಕಡ್ಡಿ ಸಾಕು, ಬೂಟು ಹರಿಯುತ್ತದೆ. ಕೆಸರು ಒಳಗೆ ಹೋಗುತ್ತದೆ. ಆಗಲೇ ನೋಡಿ ಬೂಟು ಬದಲಿಸಿದರೆ ಸಣ್ಣ ಖರ್ಚು. ನೋಡದೆ ಎರಡು ವಾರ ಓಡಿಸಿದರೆ ಒಳಗಿನ ಜಾಯಿಂಟೇ ಹೋಗುತ್ತದೆ, ಇಡೀ ಆಕ್ಸಲ್ ಹಾಕಿಸಬೇಕು. ನಾನು ಈಗ ದಿನಾ ಸಂಜೆ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ. ಸೊಂಟನೋವಿಗೆ ಗಾಡಿ ತಂದವನು ದಿನಾ ಬಗ್ಗುವ ಹಾಗಾಯಿತು ಅಂತ ಮನೆಯವಳು ನಗುತ್ತಾಳೆ.

ಇಲಿಯ ಕಾಟವೂ ಇದೆ. ನಿಲ್ಲಿಸಿದ ಗಾಡಿಯ ವೈರು ಅವಕ್ಕೆ ಕಡಲೆಕಾಯಿ ಇದ್ದ ಹಾಗೆ.

ಈಗ ರಸ್ತೆಯ ಮಾತು. ನಮ್ಮಲ್ಲಿ ಬಹುಪಾಲು ಎಟಿವಿಗಳಿಗೆ ರಸ್ತೆಯ ನೋಂದಣಿ ಆಗುವುದಿಲ್ಲ. ಸ್ವಂತ ಜಾಗದಲ್ಲಿ ಓಡಿಸಬಹುದು, ಅಷ್ಟೇ. ತೋಟ ಎರಡು ತುಂಡಾಗಿ ನಡುವೆ ಪಂಚಾಯಿತಿ ರಸ್ತೆ ಇದ್ದರೆ ಅದು ಐವತ್ತು ಅಡಿಯಾದರೂ ರಸ್ತೆಯೇ. ಟ್ರಾಕ್ಟರ್ ವರ್ಗದಲ್ಲಿ ನೋಂದಣಿಯಾಗುವ ಮಾದರಿಯನ್ನು ಪೋಲಾರಿಸ್ ನಮ್ಮ ದೇಶದಲ್ಲಿ ತಂದದ್ದುಂಟು. ಅಂಥದ್ದು ಅಂತ ಯಾರಾದರೂ ಹೇಳಿದರೆ ಬಾಯಿಮಾತು ಬೇಡ, ಅದೇ ಮಾದರಿಯ ಬೇರೆ ಯಾರದಾದರೂ ಆರ್‌ಸಿ ತೋರಿಸಿ ಅನ್ನಿ.

ನೋಂದಣಿ ಇಲ್ಲದ ಗಾಡಿಗೆ ಇನ್ನೊಂದು ಪಜೀತಿ ಇದೆ, ಇದು ನನಗೂ ತಡವಾಗಿ ಹೊಳೆದದ್ದು. ಸರ್ವೀಸಿಗೆ ಅದು ತಾನಾಗಿ ಹೋಗುವ ಹಾಗಿಲ್ಲ. ಪಿಕಪ್ ಮೇಲೆ ಹತ್ತಿಸಬೇಕು. ಮೊದಲ ಸರ್ವೀಸ್ 20-25 ಗಂಟೆ ಓಡಿದ ಕೂಡಲೇ ಬಂದುಬಿಡುತ್ತದೆ. ಡೀಲರ್ ಇನ್ನೂರು ಕಿಲೋಮೀಟರ್ ದೂರ ಇದ್ದರೆ ಪಿಕಪ್ ಬಾಡಿಗೆ ಎಷ್ಟು, ನೀವೇ ಗುಣಿಸಿಕೊಳ್ಳಿ.

ಮೂರು ಕಡೆ ಕೊಟೇಶನ್ ಕೇಳಿದೆ. ಒಂದು ಬೆಂಗಳೂರು, ಒಂದು ಮೈಸೂರು ಕಡೆ, ಒಂದು ಕರಾವಳಿ ಕಡೆ. ಅಂಗಡಿಗಳ ಹೆಸರು ಬೇಡ. ಬೆಂಗಳೂರಿನವರದು ಎಲ್ಲರಿಗಿಂತ 38 ಸಾವಿರ ಕಡಿಮೆ. ಖುಷಿಯಾಯಿತು. ಆಮೇಲೆ ಮೆಣಸಿನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಮೂರು ಗೆರೆ ಎಳೆದು ಪಕ್ಕ ಪಕ್ಕ ಬರೆದೆ. ಕಡಿಮೆಯವರ ಬೆಲೆಯಲ್ಲಿ ಟ್ರೇಲರಿನ ಕೊಂಡಿ ಇಲ್ಲ. ಸಾಗಣೆ ಬೇರೆ. ಮುಂದಿನ ಗಾರ್ಡ್ ಬೇರೆ. "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಒಂದು ಸಾಲು, ಅದು ಏನಕ್ಕೆ ಅಂತ ಕೇಳಿದರೆ ಹುಡುಗ ನಕ್ಕ. ಎಲ್ಲ ಸೇರಿಸಿದಾಗ ಕಡಿಮೆಯವರೇ 6 ಸಾವಿರ ಜಾಸ್ತಿ!

ಆದ್ದರಿಂದ ಬೆಲೆ ಕೇಳುವಾಗ ಒಂದೇ ವಾಕ್ಯ ಹೇಳಿ. "ತೆರಿಗೆ, ಸಾಗಣೆ, ಕೊಂಡಿ ಎಲ್ಲ ಸೇರಿ ನಮ್ಮ ಕಣದಲ್ಲಿ ಇಳಿಸಿದರೆ ಎಷ್ಟು? ಬರೆದು ಕೊಡಿ." ಬರೆದು ಕೊಡದವರನ್ನು ಬಿಟ್ಟುಬಿಡಿ. ಷಾಸಿಯ ಮೇಲಿನ ತಗಡು ನೋಡಿ, ತಯಾರಾದ ತಿಂಗಳು ವರ್ಷ ಅಲ್ಲಿ ಸಿಗುತ್ತದೆ. ಮೈಸೂರು ಕಡೆಯವರು ತೋರಿಸಿದ ಹೊಸ ಗಾಡಿ ಶೋರೂಮಿನಲ್ಲೇ ಎರಡು ಮಳೆಗಾಲ ಕಳೆದಿತ್ತು. ಅಂಥದ್ದು ತಗೊಳ್ಳಬಾರದು ಅಂತಲ್ಲ, ಹೊಸದರ ಬೆಲೆ ಕೊಡಬಾರದು. ಬ್ಯಾಟರಿ, ಟೈರು ಬದಲಿಸಿ ಕೊಡಿ ಅನ್ನಿ.

ಸಾಲದ ಮಾತಿನಲ್ಲಿ ಜಾಗ್ರತೆ. "ಬರೀ 9 ಪರ್ಸೆಂಟ್ ಸಾರ್, ಫ್ಲಾಟ್" ಅನ್ನುತ್ತಾರೆ. 5 ಲಕ್ಷಕ್ಕೆ 3 ವರ್ಷ 9 ಪರ್ಸೆಂಟ್ ಫ್ಲಾಟ್ ಅಂದರೆ ಬಡ್ಡಿ 1,35,000. ಕಂತು ತಿಂಗಳಿಗೆ ಸುಮಾರು 17,640. ನೀವು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 5 ಲಕ್ಷದ ಮೇಲೇ. ಬ್ಯಾಂಕಿನವರು ಉಳಿದ ಅಸಲಿನ ಮೇಲೆ ಲೆಕ್ಕ ಹಾಕುತ್ತಾರಲ್ಲ, ಆ ರೀತಿಯಲ್ಲಿ ಇದು ಸುಮಾರು 16 ಪರ್ಸೆಂಟ್ ಆಗುತ್ತದೆ. ನಮ್ಮ ಸೊಸೈಟಿಯ ಕಾರ್ಯದರ್ಶಿ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದಾಗ ನನಗೆ ನಂಬಿಕೆ ಬಂತು.

ಕೊನೆಗೆ ನಾನು ಮಾಡಿದ್ದು ಒಂದೇ ಪರೀಕ್ಷೆ. ಮೂರೂ ಅಂಗಡಿಗೆ ಫೋನ್ ಮಾಡಿದೆ. ಸೇಲ್ಸಿನವರಿಗಲ್ಲ, ಬಿಡಿಭಾಗದ ಕೌಂಟರಿಗೆ. ಹೊಸ ಗಿರಾಕಿ ಅಂತ ಹೇಳಲಿಲ್ಲ. ಆ ಮಾದರಿಯ ಗಾಡಿ ಇದೆ, ಬೆಲ್ಟು ಬೇಕಿತ್ತು, ಇದೆಯಾ ಅಂದೆ.

ಒಬ್ಬರು, "ಆರ್ಡರ್ ಹಾಕಿದ್ರೆ ಬರತ್ತೆ ಸಾರ್."

"ಎಷ್ಟು ದಿನ?"

"ಹದಿನೈದು ದಿನ... ಒಂದು ತಿಂಗಳು ಅಂದ್ಕೊಳ್ಳಿ."

ಇನ್ನೊಬ್ಬರು ಫೋನನ್ನು ಸೇಲ್ಸಿಗೆ ಕೊಟ್ಟರು, ಅವರು ನನಗೆ ಹೊಸ ಗಾಡಿ ಮಾರಲು ನೋಡಿದರು. ಮೂರನೆಯ ಕಡೆ, ಕರಾವಳಿಯಲ್ಲಿ, "ಒಂದ್ನಿಮಿಷ" ಅಂದ ಹುಡುಗ. ಕಪಾಟು ತೆಗೆದ ಸದ್ದು, ಪ್ಲಾಸ್ಟಿಕ್ ಕವರಿನ ಸದ್ದು ಕೇಳಿಸಿತು. "ಎರಡಿದೆ ಸಾರ್. ಬೂಟ್ ಕಿಟ್ಟೂ ಉಂಟು. ನಿಮ್ಮದು ಯಾವ ವರ್ಷದ್ದು?" ಅಂತ ತಿರುಗಿ ಕೇಳಿದ. ವರ್ಷ ಕೇಳಿದನಲ್ಲ, ಅಲ್ಲಿ ನನಗೆ ಧೈರ್ಯ ಬಂತು. ಅವನ ಕೊಟೇಶನ್ನು ಮೂರರಲ್ಲಿ ನಡುವಿನದು. ಚೌಕಾಸಿ ಮಾಡಲಿಲ್ಲ ಅಂತಲ್ಲ, ಮಾಡಿದೆ. ಎರಡು ಬೆಲ್ಟು, ಒಂದು ಬೂಟ್ ಕಿಟ್ಟು ಪುಕ್ಕಟೆ ಕೊಡಿಸಿಕೊಂಡೆ. ದುಡ್ಡು ಬಿಡಿಸುವುದಕ್ಕಿಂತ ಹಾಗೆ ಬಿಡಿಭಾಗ ಕೇಳುವುದು ಒಳ್ಳೆಯದು, ಅಂಗಡಿಯವರಿಗೂ ಸುಲಭ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಕಿಲೋಮೀಟರ್ ಜೊತೆ ಗಂಟೆಯ ಮೀಟರನ್ನೂ ನೋಡಿ. 3,000 ಕಿಲೋಮೀಟರ್, 600 ಗಂಟೆ ಅಂದರೆ ಗಂಟೆಗೆ 5 ಕಿಲೋಮೀಟರ್. ಆ ಗಾಡಿ ನಡೆದಿಲ್ಲ, ತೆವಳಿದೆ. ಭಾರ ಎಳೆದಿದೆ, ಇಲ್ಲ ನಿಂತಲ್ಲೇ ಎಂಜಿನ್ ಓಡಿದೆ. ಡಿಪ್‌ಸ್ಟಿಕ್ ತೆಗೆದು ಎಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ನಮಗೆ ಬೆಳಿಗ್ಗೆ ಬೇಕಾದ ಬಣ್ಣ ಅಲ್ಲಿ ಬೇಡ. ಗಾಲಿ ಎತ್ತಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಟಕಟಕ ಅಂದರೆ ಬೇರಿಂಗ್ ಹೋಗಿದೆ.

ಓಡಿಸುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಇದು ಮಗುಚುವ ಗಾಡಿ. 300 ಕೆಜಿಗೂ ಮೀರಿದ್ದು ಮೈಮೇಲೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಹೊಸ ಗಾಡಿಗೆ ಸವಾರನನ್ನು ಕಾಪಾಡುವ ಚೌಕಟ್ಟು ಕಡ್ಡಾಯ ಮಾಡಿದರು. ಕೆಲವು ದೊಡ್ಡ ಕಂಪನಿಗಳು ಅಲ್ಲಿ ಮಾರಾಟವನ್ನೇ ಬಿಟ್ಟವು. ಇಳಿಜಾರಿಗೆ ಅಡ್ಡಲಾಗಿ ಹೋಗಬೇಡಿ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಡ್ರಮ್ಮನ್ನು ಕ್ಯಾರಿಯರ್ ಮೇಲೆ ಕಟ್ಟುವ ಆಸೆ ಬರುತ್ತದೆ. 100 ಲೀಟರ್ ಅಂದರೆ 100 ಕೆಜಿ, ಕ್ಯಾರಿಯರಿನ ಮಿತಿ ಅಲ್ಲೇ ಮುಗಿಯಿತು. ಅರ್ಧ ಖಾಲಿಯಾದ ಡ್ರಮ್ಮು ಇನ್ನೂ ಕೆಟ್ಟದ್ದು, ತಿರುವಿನಲ್ಲಿ ನೀರೆಲ್ಲ ಒಂದೇ ಕಡೆಗೆ ಬಂದು ಗಾಡಿಯನ್ನು ಎಳೆಯುತ್ತದೆ. ಹಿಂದೆ ಯಾರನ್ನೂ ಕೂರಿಸಬೇಡಿ. ಮಕ್ಕಳ ಕೈಗೆ ಕೀಲಿ ಕೊಡಬೇಡಿ. ಹೆಲ್ಮೆಟ್ ನಮ್ಮ ತೋಟದಲ್ಲಿ ಯಾರಿಗೆ ಬೇಕು ಅನ್ನಬೇಡಿ.

ಗಾಡಿ ಬಂದು ಈಗ ಎರಡು ಮಳೆಗಾಲ ಆಯಿತು. ಮೊನ್ನೆ ಆಗಸ್ಟಿನಲ್ಲಿ ಎಡಗಡೆ ಮುಂದಿನ ಬೂಟು ಹರಿಯಿತು, ನನ್ನ ಹತ್ತಿರ ಇದ್ದ ಕಿಟ್ಟು ಹಿಂದಿನ ಗಾಲಿಯದು. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ. ಸಂಜೆ ನಾಲ್ಕರ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಬಂತು, ಹಳೇ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ನನ್ನ ಹೆಸರು, ಗಾಡಿಯ ವರ್ಷ. ಮೇಸ್ತ್ರಿ ಟಾರ್ಚ್ ಹಿಡಿದ, ನಾನು ಸ್ಪ್ಯಾನರ್ ಹಿಡಿದೆ. ಏಳು ಗಂಟೆಗೆ ಕೈ ತೊಳೆದೆವು.

ನಮಸ್ಕಾರ.